ಪೈಥಾನ್‌ನಿಂದ ಕಮಾಂಡ್ ಓಡಿಸಿದರೆ ಬರೀ 0 ಬರುತ್ತದಲ್ಲ, ಯಾಕೆ?

ಪ್ರಶ್ನೆ: ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ನೋಡಿಕೊಳ್ತೀನಿ. ಪಿಡಿಎಫ್ ಬಿಲ್‌ಗಳಿಂದ ಅಕ್ಷರ ತೆಗೆಯೋಕೆ ಪಿಡಿಎಫ್‌ಟುಟೆಕ್ಸ್ಟ್ ಕಮಾಂಡ್ ಇದೆ. ಪೈಥಾನ್‌ನಲ್ಲಿ ಓಎಸ್ ಡಾಟ್ ಸಿಸ್ಟಮ್ ಬಳಸಿ ಅದನ್ನು ಓಡಿಸಿದರೆ ಬಿಲ್ ಪರದೆ ಮೇಲೆ ಕಾಣುತ್ತೆ, ಆದರೆ ವೇರಿಯೇಬಲ್‌ನಲ್ಲಿ ಬರೀ 0 ಇರುತ್ತೆ. ಯಾಕೆ?

ಆ 0 ಅಂದರೆ ಕಮಾಂಡ್ ಸರಿಯಾಗಿ ಮುಗಿಯಿತು ಅಂತ ಅಷ್ಟೇ. ಓಎಸ್ ಡಾಟ್ ಸಿಸ್ಟಮ್ ನಿಮ್ಮ ಸಾಲನ್ನು ಶೆಲ್‌ಗೆ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಒಪ್ಪಿಸುತ್ತದೆ, ಮುಗಿಯುವ ತನಕ ಕಾಯುತ್ತದೆ, ಹೇಗೆ ಮುಗಿಯಿತು ಅನ್ನೋದನ್ನು ಒಂದು ಅಂಕಿಯಲ್ಲಿ ಹೇಳುತ್ತದೆ. ಬಿಲ್ಲಿನ ಅಕ್ಷರಗಳು ನೇರ ಪರದೆಗೆ ಹೋಗಿಬಿಡುತ್ತವೆ, ಪ್ರೋಗ್ರಾಂ ಕೈಗೆ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಕಮಾಂಡ್ ಸೋತು 1 ಅನ್ನುವ ಅಂಕಿ ಕೊಟ್ಟರೆ ಇಲ್ಲಿ 256 ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ನಿಮಗೆ ಬೇಕಿರುವುದು ಸಬ್‌ಪ್ರೊಸೆಸ್ ಡಾಟ್ ರನ್. 2015ರ ಪೈಥಾನ್ 3.5ರಿಂದಲೇ ಇದೆ. ಅದಕ್ಕೆ ಕ್ಯಾಪ್ಚರ್ ಔಟ್‌ಪುಟ್ (ನಡುವೆ ಅಂಡರ್‌ಸ್ಕೋರ್) ಟ್ರೂ ಅಂತ ಕೊಡಿ, ಇದು 3.7ರಲ್ಲಿ ಬಂತು. ಎನ್‌ಕೋಡಿಂಗ್ ಯುಟಿಎಫ್-8 ಅಂತಲೂ ಕೊಡಿ, ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕನ್ನಡ ಅಕ್ಷರ ಕೆಡುವುದು ಜಾಸ್ತಿ. ಬಂದ ಉತ್ತರದ ಎಸ್‌ಟಿಡಿಔಟ್‌ನಲ್ಲಿ ಬಿಲ್ ಇರುತ್ತದೆ. ಪಿಡಿಎಫ್‌ಟುಟೆಕ್ಸ್ಟ್‌ಗೆ ಕೊನೆಯಲ್ಲಿ ಒಂದು ಅಡ್ಡಗೆರೆ (-) ಕೊಡುವುದು ಮರೆಯಬೇಡಿ, ಅದು ಇಲ್ಲದಿದ್ದರೆ ಅಕ್ಷರಗಳು ಬೇರೆ ಫೈಲಿಗೆ ಹೋಗುತ್ತವೆ.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಕಮಾಂಡನ್ನು ಒಂದೇ ಉದ್ದ ಸಾಲಾಗಿ ಜೋಡಿಸಬೇಡಿ, ಲಿಸ್ಟ್ ಆಗಿ ಕೊಡಿ: ಕಮಾಂಡಿನ ಹೆಸರು ಒಂದು, ಫೈಲಿನ ಹೆಸರು ಇನ್ನೊಂದು, ಅಡ್ಡಗೆರೆ ಮತ್ತೊಂದು. ‘ಸೋನಾ ಮಸೂರಿ ಮಾರ್ಚ್’ ಅನ್ನುವ ಫೈಲನ್ನು ಶೆಲ್ ಮೂರು ಫೈಲ್ ಅಂದುಕೊಳ್ಳುತ್ತದೆ, ಲಿಸ್ಟ್ ಕೊಟ್ಟರೆ ಒಂದೇ ಆಗಿ ಉಳಿಯುತ್ತದೆ. ಬಿಲ್‌ಗಳು ವಾಟ್ಸಾಪ್‌ನಲ್ಲಿ ಯಾರ್‍ಯಾರಿಂದಲೋ ಬರುತ್ತವೆ ಅಲ್ವಾ? ಯಾರಾದರೂ ಹೆಸರಿನ ನಡುವೆ ಸೆಮಿಕೋಲನ್ ಇಟ್ಟು ಫೈಲ್ ಅಳಿಸುವ ಕಮಾಂಡ್ ಸೇರಿಸಿದ್ದರೆ, ಲಿನಕ್ಸ್ ಶೆಲ್ ಅದನ್ನೂ ಪಾಪ ನಿಷ್ಠೆಯಿಂದ ಓಡಿಸುತ್ತದೆ. ಹಾಗಾಗಿ ಇಂಟರ್ನೆಟ್‌ನಲ್ಲಿ ನೋಡಿದ ಶೆಲ್ ಟ್ರೂ (ಕಮಾಂಡನ್ನು ಶೆಲ್ ಮೂಲಕ ಓಡಿಸು ಅನ್ನುವ ಆಯ್ಕೆ) ಅನ್ನುವುದನ್ನು ಸುಮ್ನೆ ಸೇರಿಸಬೇಡಿ.

ಚೆಕ್ ಟ್ರೂ ಮಾತ್ರ ಖಂಡಿತ ಹಾಕಿ. ಭತ್ತದ ಸುಗ್ಗಿಯಲ್ಲಿ ರಾಶಿ ಬಿಲ್ ಬಂದಾಗ ಒಂದು ಪಿಡಿಎಫ್ ಕೆಟ್ಟಿದ್ದರೂ ಪ್ರೋಗ್ರಾಂ ಸುಮ್ಮನೆ ಮುಂದೆ ಹೋಗಿ, ಯಾರದೋ ಹಣ ಲೆಕ್ಕದಿಂದ ಬಿಟ್ಟುಹೋಗಬಹುದು. ಚೆಕ್ ಇದ್ದರೆ ಅಲ್ಲೇ ನಿಂತು ಎರರ್ ತೋರಿಸುತ್ತದೆ. ಟೈಮ್‌ಔಟ್ 30 ಅಂತ ಕೊಟ್ಟರೆ 30 ಸೆಕೆಂಡ್ ಮೀರಿದ ಕಮಾಂಡ್ ಕೂಡ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಪೈಥಾನ್‌ನಲ್ಲಿ ಹುಡುಕಬೇಡಿ. ಆ ಬಿಲ್ ಬಹುಶಃ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿರುತ್ತದೆ. ತೆಗೆದ ಅಕ್ಷರಗಳನ್ನು ಯೂನಿಕೋಡ್ ಕನ್ವರ್ಟರ್‌ಗೆ ಹಾಕಿ ನೋಡಿ.