ಮೊಲದ ಕಿವಿಗೆ ತೂತು ಯಾಕೆ?

ಹಳೆಯ ನಿಕಾನ್ ಲೆನ್ಸ್ ಕೈಗೆ ಸಿಕ್ಕರೆ ಅಪರ್ಚರ್ ರಿಂಗ್, ಅಂದರೆ ಬೆಳಕು ಒಳಬಿಡುವ ದ್ವಾರವನ್ನು ಹಿಗ್ಗಿಸಿ ಕುಗ್ಗಿಸುವ ಬಳೆ, ಒಮ್ಮೆ ನೋಡಿ. ಅದರ ಮೇಲೆ ಪುಟ್ಟದೊಂದು ಲೋಹದ ಕವಲು ಎದ್ದು ನಿಂತಿರುತ್ತದೆ. ನಡುವೆ ಸೀಳು, ಆಚೀಚೆ ಎರಡು ಕಿವಿ. ಇದಕ್ಕೆ ಮೊಲದ ಕಿವಿ ಅಂತಲೇ ಹೆಸರು. ಕೆಲವು ಲೆನ್ಸ್‌ಗಳಲ್ಲಿ ಈ ಕಿವಿಗಳು ಗಟ್ಟಿಯಾಗಿರುತ್ತವೆ, ಕೆಲವದರಲ್ಲಿ ತೂತು ಇರುತ್ತದೆ. ಸುಮ್ನೆ ಅಂದಕ್ಕೆ ಕೊರೆದಿದ್ದಾರೆ ಅನ್ನಿಸುತ್ತೆ, ಅಲ್ವಾ? ಆ ತೂತಿನ ಹಿಂದೆ ಸುಮಾರು 18 ವರ್ಷಗಳ ಕತೆ ಇದೆ.

1959ರಲ್ಲಿ ನಿಕಾನ್ ಎಫ್ ಬಂದಾಗ ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಲೈಟ್ ಮೀಟರ್ ಇರಲಿಲ್ಲ. ಬೇಕಾದವರು ಮೇಲೆ ಕೂರಿಸಿಕೊಳ್ಳಬೇಕಿತ್ತು. ಅಪರ್ಚರ್ ಎಷ್ಟಿದೆ ಅಂತ ಆ ಮೀಟರ್‌ಗೆ ತಿಳಿಯಬೇಕಲ್ಲ? ಮೀಟರ್‌ನಿಂದ ಬಂದ ಒಂದು ಕಡ್ಡಿ ಕಿವಿಗಳ ನಡುವಿನ ಸೀಳಿನಲ್ಲಿ ಕೂರುತ್ತಿತ್ತು. ರಿಂಗ್ ತಿರುಗಿಸಿದರೆ ಕಡ್ಡಿಯೂ ಜೊತೆಗೆ ಹೋಗುತ್ತಿತ್ತು. ಅಷ್ಟೇ ಸರಳ.

ತೊಡಕು ಶುರುವಾದದ್ದು 1965ರಲ್ಲಿ. ನಿಕಾನ್ ಎಫ್‌ಗೆ ಬಂದ ಫೋಟೋಮಿಕ್ ಟಿ ಮೀಟರ್ ಲೆನ್ಸ್ ಒಳಗಿಂದಲೇ ಬೆಳಕು ಅಳೆಯತೊಡಗಿತು, ಅದೂ ಅಪರ್ಚರ್ ಪೂರ್ತಿ ತೆರೆದಿರುವಾಗ. ಈಗ ಮೀಟರ್‌ಗೆ ಇನ್ನೊಂದು ವಿಷಯವೂ ಗೊತ್ತಾಗಬೇಕು: ಈ ಲೆನ್ಸ್ ಪೂರ್ತಿ ತೆರೆದರೆ ಎಷ್ಟು? ಎಫ್ 1.4 ಇರಬಹುದು, ಎಫ್ 3.5 ಇರಬಹುದು (ಅಂಕಿ ಸಣ್ಣದಾದಷ್ಟೂ ದ್ವಾರ ದೊಡ್ಡದು). ಕಿವಿಗೆ ಅದನ್ನು ಹೇಳಲು ಬರುತ್ತಿರಲಿಲ್ಲ. ಅದು ಎಲ್ಲ ಲೆನ್ಸ್‌ಗಳಲ್ಲೂ ಎಫ್ 5.6ರ ನೇರಕ್ಕೇ ಇತ್ತು.

ಹಾಗಾಗಿ ಮೊದಮೊದಲು ಲೆನ್ಸ್ ಬದಲಿಸಿದಾಗಲೆಲ್ಲ ಆ ಲೆಕ್ಕವನ್ನು ಕೈಯಾರೆ ಹೊಂದಿಸಬೇಕಿತ್ತು. 1967ರಲ್ಲಿ ಬಂದ ನಿಕಾನ್‌ನದೇ ಕ್ಯಾಮೆರಾ ನಿಕ್ಕೊರ್ಮಾಟ್ ಎಫ್‌ಟಿಎನ್ ಆ ಕೆಲಸ ಹಗುರ ಮಾಡಿತು. ರಿಂಗನ್ನು 5.6ಕ್ಕೆ ಇಟ್ಟು ಲೆನ್ಸ್ ಹಾಕು, ಒಂದು ಕೊನೆಗೆ ತಿರುಗಿಸು, ಮತ್ತೆ ಇನ್ನೊಂದು ಕೊನೆಗೆ ತಿರುಗಿಸು, ಲೆಕ್ಕ ಹೊಂದಿಕೊಳ್ಳುತ್ತಿತ್ತು. ಆ ಕಾಲದ ಫೋಟೋಗ್ರಾಫರ್‌ಗಳ ಕೈಗೆ ಇದು ಉಸಿರಾಟದಷ್ಟು ರೂಢಿಯಾಗಿತ್ತು.

1977ರಲ್ಲಿ ಎಐ, ಅಂದರೆ ಈ ಲೆಕ್ಕವನ್ನು ತಾವಾಗಿಯೇ ಹೊಂದಿಸುವ ಲೆನ್ಸ್‌ಗಳು ಬಂದವು. ರಿಂಗ್‌ನ ಹಿಂದಿನ ಅಂಚಿನಲ್ಲಿ ಒಂದು ಮೆಟ್ಟಿಲು ಕೊರೆದರು. ಆ ಮೆಟ್ಟಿಲಿನ ಜಾಗ ಆಯಾ ಲೆನ್ಸ್ ಎಷ್ಟು ತೆರೆಯುತ್ತದೆ ಅನ್ನುವುದಕ್ಕೆ ತಕ್ಕಂತೆ ಇತ್ತು. ಲೆನ್ಸ್ ಹಾಕಿದರೆ ಸಾಕು, ಕ್ಯಾಮೆರಾಗೆ ಎಲ್ಲ ತಿಳಿಯುತ್ತಿತ್ತು. ಹೊಸ ಕ್ಯಾಮೆರಾಗಳಿಗೆ ಕಿವಿ ಬೇಕಿರಲಿಲ್ಲ. ಆದರೂ ತೆಗೆಯಲಿಲ್ಲ. ಹಳೆಯ ಕ್ಯಾಮೆರಾ ಇದ್ದವರು ಹೊಸ ಲೆನ್ಸ್ ಕೊಂಡರೆ ಅವರ ಮೀಟರ್ ಕೆಲಸ ಮಾಡಬೇಡವೇ? ನನಗೆ ಜಾಸ್ತಿ ಇಷ್ಟವಾಗುವುದು ಈ ಕಾಳಜಿ.

ತೂತು ಹುಟ್ಟಿದ್ದೂ ಇಲ್ಲೇ. ಎಐ ರಿಂಗ್‌ನ ಹಿಂಬದಿಯಲ್ಲಿ ಸಣ್ಣ ಅಂಕಿಗಳ ಇನ್ನೊಂದು ಸಾಲಿದೆ. ನಿಕಾನ್ ಎಫ್‌ಎಂನಂಥ ಕ್ಯಾಮೆರಾಗಳಲ್ಲಿ ಪುಟ್ಟ ಕಿಂಡಿಯೊಂದು ಆ ಅಂಕಿಯನ್ನು ನೇರವಾಗಿ ನಾವು ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಒಳಗೆ ತೋರಿಸುತ್ತದೆ. ಯಾವ ವಿದ್ಯುತ್ತೂ ಬೇಡ, ಕಣ್ಣು ತೆಗೆಯದೆ ಅಪರ್ಚರ್ ಓದಬಹುದು. ಆದರೆ ಗಟ್ಟಿ ಕಿವಿ ಬೆಳಕಿಗೆ ಅಡ್ಡ ನಿಂತು ಅಂಕಿಯ ಮೇಲೆ ನೆರಳು ಬೀಳಿಸುತ್ತಿತ್ತು. ಅದಕ್ಕೇ ಒಂದೊಂದು ಕಿವಿಗೂ ಒಂದೊಂದು ತೂತು. ಬೆಳಕು ಅದರೊಳಗೆ ಹಾಯ್ದು ಅಂಕಿಯ ಮೇಲೆ ಬೀಳುತ್ತದೆ.

1986ರಿಂದ ಬಂದ ಆಟೋಫೋಕಸ್ ಲೆನ್ಸ್‌ಗಳಲ್ಲಿ ಕಿವಿ ಇಲ್ಲ. ಆದರೆ ಅಂಥ ಎಷ್ಟೋ ಲೆನ್ಸ್‌ಗಳ ಅಪರ್ಚರ್ ರಿಂಗ್ ಮೇಲೆ ಎರಡು ಸಣ್ಣ ಕುಳಿಗಳಿವೆ. ಕಿವಿ ಬೇಕು ಅಂದವರಿಗೆ ಸ್ಕ್ರೂ ಹಾಕಬೇಕಾದ ಜಾಗದ ಗುರುತು ಅದು.