ಬಾಹ್ಯಾಕಾಶದ ಪುಂಡ ಪಟಾಲಂ ಹುಟ್ಟಿದ್ದು ಹೀಗೆ

ಮಂಗಳ ಗ್ರಹ. ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಇಬ್ಬರು ಹುಡುಗರು ಸ್ಕೇಟ್ ಕಟ್ಟಿಕೊಂಡು ಓಡುತ್ತಿದ್ದಾರೆ. ಶಾಲೆಯಿಂದ ತಪ್ಪಿಸಿಕೊಂಡು ಬಂದವರು. ಅಲ್ಲಿನ ವಸಾಹತು ನಡೆಸುವ ಕಂಪನಿ ವಲಸಿಗರಿಗೆ ಮಾಡಲು ಹೊರಟಿರುವ ಮೋಸ ಅವರಿಗೆ ಗೊತ್ತಾಗಿಬಿಟ್ಟಿದೆ. ಹಾಗಾಗಿ ಕಂಪನಿಯ ಜನ ಅವರ ಬೆನ್ನು ಹತ್ತಿದ್ದಾರೆ.

ಇದು ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1949ರಲ್ಲಿ ಹದಿಹರೆಯದವರಿಗಾಗಿ ಬರೆದ 'ರೆಡ್ ಪ್ಲಾನೆಟ್'. ಕಾನೂನಿಗೆ ಬೆನ್ನು ಹಾಕಿ ಓಡುವ ಹುಡುಗರ ಬಾಹ್ಯಾಕಾಶ ಕಥೆಗಳು ಈಗ ರಾಶಿ ರಾಶಿ ಸಿಗುತ್ತವೆ. ಆದರೆ ಆ ಕಾಲಕ್ಕೆ ಇಷ್ಟು ಓಡಿಸುವುದೂ ಸುಲಭದ ಮಾತಾಗಿರಲಿಲ್ಲ. ಸ್ಕ್ರಿಬ್ನರ್ಸ್ ಪ್ರಕಾಶನದ ಸಂಪಾದಕಿ ಆಲಿಸ್ ಡಾಲ್‌ಗ್ಲೀಶ್ ಮಕ್ಕಳ ಕೈಯಲ್ಲಿ ಬಂದೂಕು ಇರುವುದನ್ನು ಒಪ್ಪಲಿಲ್ಲ. ಹೈನ್‌ಲೈನ್ ಗೊಣಗುತ್ತಲೇ ತಿದ್ದಿದರು, ಬಂದೂಕಿಗೆ ಲೈಸೆನ್ಸ್ ಬೇಕು ಅನ್ನುವ ಮಾತು ಕಥೆಯೊಳಗೆ ಬಂತು.

ಸಂಪಾದಕಿಯನ್ನು ಸುಮ್ನೆ ದೂರಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಆಗ ಮಕ್ಕಳ ಗಟ್ಟಿ ರಟ್ಟಿನ ಪುಸ್ತಕಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದದ್ದು ಲೈಬ್ರರಿಗಳು, ಶಾಲೆಗಳು. ಓದುವವನು ಹುಡುಗ, ಆರಿಸುವವರು ದೊಡ್ಡವರು. ಹೈನ್‌ಲೈನ್ 1947ರಿಂದ 1958ರವರೆಗೆ ಈ ಪ್ರಕಾಶನಕ್ಕೆ ಇಂಥ 12 ಕಾದಂಬರಿ ಬರೆದರು. ಅದರಲ್ಲಿ ಒಂದರ ಹೆಸರೇ 'ಸ್ಪೇಸ್ ಕೆಡೆಟ್'. ಆ ಕಾಲದ ಬಾಹ್ಯಾಕಾಶದ ಹುಡುಗ ಅಂದರೆ ಅದೇ: ಇಸ್ತ್ರಿ ಮಾಡಿದ ಸಮವಸ್ತ್ರ, ಮೇಲಧಿಕಾರಿಗೆ ಸೆಲ್ಯೂಟ್. 'ರೆಡ್ ಪ್ಲಾನೆಟ್' ಹುಡುಗರು ಓಡಿದರು ನಿಜ. ಆದರೆ ಮನೆ ಮುಟ್ಟಿದ ಮೇಲೆ ಕಂಪನಿಯ ವಿರುದ್ಧದ ದಂಗೆಯ ಚುಕ್ಕಾಣಿ ಅಪ್ಪಂದಿರ ಕೈಗೆ ಹೋಗುತ್ತದೆ.

ಕಾಮಿಕ್ಸ್‌ನಲ್ಲಿ ಬಾಗಿಲು ಇನ್ನೂ ಬಿಗಿಯಾಯಿತು. ಅಪರಾಧಿಯ ಮೇಲೆ ಓದುಗರಿಗೆ ಕನಿಕರ ಹುಟ್ಟುವ ಹಾಗೆ ಬರೆಯಲೇಬಾರದು ಎಂದು ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿ, 1954ರ ಕಾಮಿಕ್ಸ್ ಕೋಡ್, ಹೇಳಿತು. ಕಳ್ಳನ ಮೇಲೆ ಕನಿಕರ ಇಲ್ಲದೆ ಕಳ್ಳರ ತಂಡದ ಕಥೆ ಹೇಗೆ ಬರೆಯೋದು?

ಬಾಗಿಲು ತೆರೆದದ್ದು ಬಾಹ್ಯಾಕಾಶದಲ್ಲಲ್ಲ, ಒಕ್ಲಹೋಮಾದ ಟಲ್ಸಾ ಊರಿನಲ್ಲಿ. ಎಸ್. ಇ. ಹಿಂಟನ್ ಎಂಬ ಹುಡುಗಿ 15ನೇ ವಯಸ್ಸಿಗೆ ಬರೆಯಲು ಶುರುಮಾಡಿದ 'ದಿ ಔಟ್‌ಸೈಡರ್ಸ್' 1967ರಲ್ಲಿ ಅಚ್ಚಾಯಿತು. ಬೀದಿ ಗ್ಯಾಂಗಿನ ಹುಡುಗರ ಕಥೆ. ಅಪ್ಪ ಅಮ್ಮ ಇಲ್ಲದ ಮೂವರು ಅಣ್ಣತಮ್ಮಂದಿರು, ಮನೆಯಂತಾದ ಗೆಳೆಯರು, ಪೊಲೀಸರಿಗೆ ಹೆದರಿ ಓಡಿಹೋಗುವ ಇಬ್ಬರು. ಇಂದಿನ ಬಾಹ್ಯಾಕಾಶ ಕಥೆಗಳ ಜೀವಾಳ ಇದೇ ಪುಸ್ತಕದಲ್ಲಿದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಡಗು ಒಂದಿಲ್ಲ, ಅಷ್ಟೇ.

ಹಡಗು ಬಂದಾಗ ಅದನ್ನು ದೊಡ್ಡವರೇ ಹತ್ತಿದರು. 1977ರಲ್ಲಿ 'ಸ್ಟಾರ್ ವಾರ್ಸ್' ತಂದ ಕಳ್ಳಸಾಗಣೆದಾರ ಹಾನ್ ಸೋಲೋ, ಅದೇ ವರ್ಷ ಜಪಾನಿನಲ್ಲಿ ಲೇಜಿ ಮಾತ್ಸುಮೋತೊ ಬರೆದ ದರೋಡೆಕೋರ ಕ್ಯಾಪ್ಟನ್ ಹಾರ್ಲಾಕ್, 1978ರಲ್ಲಿ ಬಿಬಿಸಿಯ 'ಬ್ಲೇಕ್ಸ್ 7' ಸರಣಿಯ ಕೈದಿಗಳು. ಹಾರ್ಲಾಕ್‌ನ ಹಡಗಿನಲ್ಲಿ ತಾದಾಶಿ ಎಂಬ ಹುಡುಗನಿದ್ದಾನೆ. ತಂದೆಯನ್ನು ಕಳೆದುಕೊಂಡು ಹಡಗು ಹತ್ತಿದವನು. ಆದರೂ ಅವನು ಹತ್ತಿದವನೇ ಹೊರತು ನಡೆಸುವವನಲ್ಲ. 1883ರ 'ಟ್ರೆಷರ್ ಐಲ್ಯಾಂಡ್' ಪುಸ್ತಕದ ಜಿಮ್ ಹಾಕಿನ್ಸ್ ಕೂಡ ಹೀಗೇ ಅಲ್ವಾ? ಕಡಲ್ಗಳ್ಳರ ನಡುವೆ ಪಯಣಿಸಿದ, ತಾನು ಕಡಲ್ಗಳ್ಳನಾಗಲಿಲ್ಲ. ನೂರು ವರ್ಷ ಕಳೆದರೂ ಹುಡುಗನಿಗೆ ಸಿಕ್ಕಿದ್ದು ಅದೇ ಜಾಗ. 2002ರ 'ಫೈರ್‌ಫ್ಲೈ' ಸರಣಿಯಲ್ಲಿ ಸರ್ಕಾರದಿಂದ ತಪ್ಪಿಸಿಕೊಂಡ ಹದಿಹರೆಯದ ರಿವರ್ ಇದ್ದಾಳೆ, ಅವಳನ್ನೂ ಅಣ್ಣನೇ ಕಾಪಾಡಬೇಕು.

ಕನ್ನಡದಲ್ಲಿ 'ಪಟಾಲಂ' ಅಂತ ಒಂದು ಪದವಿದೆ. ಮೂಲದಲ್ಲಿ ಅದು ಸೈನ್ಯದ ತುಕಡಿ. ಈಗ ಯಾರಾದರೂ 'ಅವನ ಪಟಾಲಂ ಬಂತು' ಅಂದರೆ ಕಣ್ಣ ಮುಂದೆ ಬರುವುದು ಪುಂಡು ಹುಡುಗರ ಗುಂಪು. ಬಾಹ್ಯಾಕಾಶದ ಹುಡುಗರ ಕಥೆ ಸಾಗಿ ಬಂದ ದಾರಿಯೂ ಇದೇ.

ದಾರಿಯ ಕೊನೆಯ ತಿರುವು ಬಂದದ್ದು 2010ರ ನಂತರ. ಹದಿಹರೆಯದವರ ಪುಸ್ತಕಗಳಿಗೆ ಅಷ್ಟು ಹೊತ್ತಿಗೆ ದೊಡ್ಡ ಮಾರುಕಟ್ಟೆ ಇತ್ತು, ಆರಿಸುವ ಕೆಲಸ ಓದುವವರ ಕೈಗೇ ಬಂದಿತ್ತು. ಆಸ್ಟ್ರೇಲಿಯಾದ ಆಮಿ ಕೌಫ್‌ಮನ್ ಮತ್ತು ಜೇ ಕ್ರಿಸ್ಟಾಫ್ ಜೊತೆಯಾಗಿ ಬರೆದ 'ಅರೋರಾ ರೈಸಿಂಗ್' (2019) ನೋಡಿ. ಟೈಲರ್ ಎಂಬವನು ಬಾಹ್ಯಾಕಾಶ ಅಕಾಡೆಮಿಯ ಜಾಣ ಹುಡುಗ. ತಂಡ ಆರಿಸಿಕೊಳ್ಳುವ ದಿನ, ಎರಡು ಶತಮಾನದಿಂದ ನಿದ್ದೆಯಲ್ಲಿದ್ದ ಹುಡುಗಿಯನ್ನು ಕಾಪಾಡಲು ಹೋಗಿ ಆ ಆಯ್ಕೆಯನ್ನೇ ತಪ್ಪಿಸಿಕೊಳ್ಳುತ್ತಾನೆ. ವಾಪಸ್ ಬಂದಾಗ ಉಳಿದಿರುವುದು ಯಾರಿಗೂ ಬೇಡವಾದವರು. ಸ್ವಲ್ಪ ದಿನಕ್ಕೆಲ್ಲ ಅವರ ಮೇಲೆ ಇಡೀ ವ್ಯವಸ್ಥೆಯೇ ತಿರುಗಿಬೀಳುತ್ತದೆ. ಕೆಡೆಟ್ ಪಟಾಲಂ ಓಡುವ ಪಟಾಲಂ ಆಗುವುದು ಒಂದೇ ಪುಸ್ತಕದಲ್ಲಿ.

2021ರ ಅನಿಮೇಷನ್ ಸರಣಿ 'ಸ್ಟಾರ್ ಟ್ರೆಕ್: ಪ್ರಾಡಿಜಿ' ಇದನ್ನೇ ತಿರುವಿಹಾಕಿತು. ಇಲ್ಲಿ ಹುಡುಗರು ಕೈದಿಗಳು. ಗಣಿಯಲ್ಲಿ ಹೂತಿದ್ದ ಹಡಗನ್ನು ಕದ್ದು ಓಡುತ್ತಾರೆ. ಹಡಗಿನಲ್ಲಿ ಬೆಳಕಿನಿಂದ ಮೂಡುವ ಪ್ರತಿರೂಪ, ಹೊಲೊಗ್ರಾಮ್ ಕ್ಯಾಪ್ಟನ್ ಜೇನ್‌ವೇ, ಅವರನ್ನು ಕೆಡೆಟ್‌ಗಳು ಅಂದುಕೊಳ್ಳುತ್ತಾಳೆ. ಹೌದು ಅಂತ ಸುಳ್ಳು ಹೇಳಿದ ಹುಡುಗರಿಗೆ ಬರಬರುತ್ತ ನಿಜವಾಗಿಯೂ ಕೆಡೆಟ್ ಆಗುವ ಆಸೆ ಹುಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ತಾಕಿದ್ದು ಅದರ ಮೊದಲ ಕಂತು. ಆ ಗಣಿಯಲ್ಲಿ ಬೇರೆ ಬೇರೆ ಲೋಕದ ಜನ ದುಡಿಯುತ್ತಾರೆ. ಅವರು ಒಂದಾಗಬಾರದು ಅಂತ ಯಜಮಾನ ಭಾಷಾಂತರ ಯಂತ್ರವನ್ನೇ ಕೊಟ್ಟಿಲ್ಲ. ಡಾಲ್ ಎಂಬ ಹುಡುಗನ ಪಕ್ಕದಲ್ಲಿ ಬಂಡೆಯಂಥ ದೊಡ್ಡ ಜೀವಿಯೊಂದಿದೆ, ಹೆಸರು ರೋಕ್-ಟಾಕ್. ಅವನಿಗೆ ಕೇಳುವುದು ಅದರ ಗುಡುಗಿನಂಥ ಗುರುಗುಟ್ಟುವಿಕೆ ಮಾತ್ರ. ಕೊನೆಗೆ ಹಡಗು ಸಿಗುತ್ತದೆ, ಅದರ ಭಾಷಾಂತರ ಯಂತ್ರ ಕೆಲಸ ಮಾಡುತ್ತದೆ. ಆ ಬಂಡೆ ಬಾಯಿ ತೆರೆದರೆ ಹೊರಗೆ ಬರುವುದು ಎಂಟು ವರ್ಷದ ಹುಡುಗಿಯ ಪುಟ್ಟ ದನಿ.