ಪದ ಪರಿಚಯ: ಹೂಳು

'ಹೊಳೆಯಲ್ಲಿ ಹೂಳು ಹರಿದು ಬರುತ್ತಿದೆ.' ಮೊನ್ನೆ ಒಂದು ವಿಡಿಯೋದ ಕೆಳಗೆ ಹೀಗೆ ಬರೆದಿತ್ತು. ನೀರು ಕೆಂಪಗೆ ಉಕ್ಕುತ್ತಿತ್ತು, ಸರಿ. ಹೂಳು ಎಲ್ಲಿ? ಅದೇ ವಾರ ಇನ್ನೊಂದು ಕಡೆ 'ಚರಂಡಿಯ ಹೂಳು' ಅಂತ ಶೀರ್ಷಿಕೆ. ಚಿತ್ರದಲ್ಲಿ ಇದ್ದದ್ದು ಪ್ಲಾಸ್ಟಿಕ್ ಚೀಲ, ಬಾಟಲಿ, ಒಂಟಿ ಚಪ್ಪಲಿ. ಇಷ್ಟಕ್ಕೆ ಸುಮ್ನಿದ್ದೆ. ಆಮೇಲೆ ಮಕ್ಕಳ ಪಾಠದ ಟಿಪ್ಪಣಿಯೊಂದು ಕಣ್ಣಿಗೆ ಬಿತ್ತು: 'ಮಣ್ಣಿನ ಕಣಗಳು ಮೂರು ಬಗೆ: ಮರಳು, ಹೂಳು, ಜೇಡಿ.' ಇದಾದ ಮೇಲೂ ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹೂಳು ಅಂದರೇನು ಅಂತ ತಿಳಿಯಲು ನಿಘಂಟು ತೆಗೆಯಬೇಕಾಗಿಲ್ಲ. ಗುಂಡಿ ತೋಡಿ ಏನನ್ನಾದರೂ ಹೂಳುತ್ತೇವಲ್ಲ, ಅದೇ ಹೂಳು. ನಾಮಪದವೂ ಅದೇ, ಕ್ರಿಯಾಪದವೂ ಅದೇ. ಹಳಗನ್ನಡದಲ್ಲಿ ಇದು 'ಪೂೞ್'. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಇಲ್ಲೂ ಪಕಾರ ಹಕಾರವಾಯಿತು. ೞ ಅಕ್ಷರ ಬಳಕೆ ತಪ್ಪಿ ಆ ಜಾಗಕ್ಕೆ ಳ ಬಂತು. ತೆಲುಗಿನವರ ಬಳಿಯೂ ಇದೇ ಜೋಡಿ ಇದೆ. ಅವರ 'ಪೂಡ್ಚು' ಅಂದರೆ ಹೂಳುವುದು, 'ಪೂಡಿಕ' ಅಂದರೆ ಹೂಳು. ಇಬ್ಬರಿಗೂ ಹೊಳೆದದ್ದು ಒಂದೇ: ಇದು ತಾನು ಕೂತ ಜಾಗವನ್ನು ಮುಚ್ಚಿಹಾಕುವ ವಸ್ತು.

ಹಾಗೇ ಒಂದು ಎಚ್ಚರಿಕೆ. ಹಳೆಯ ಕಾವ್ಯದಲ್ಲಿ 'ಪೂತ ಮಾಮರ' ಸಿಕ್ಕರೆ ಗಾಬರಿಯಾಗಬೇಡಿ. ಅದು ಹೂ ಬಿಟ್ಟ ಮಾವಿನಮರ. ಅದನ್ನು ಯಾರೂ ಹೂತಿಲ್ಲ. ಅದು 'ಪೂ' ಎಂಬ ಬೇರೆಯೇ ಧಾತು.

ಈಗ ನನ್ನ ತಕರಾರಿಗೆ ಬರೋಣ. ಮರಳು, ಜೇಡಿ ಎಂಬ ಹೆಸರುಗಳು ಆ ವಸ್ತು ಯಾವುದು ಅಂತ ಹೇಳುತ್ತವೆ. ಹೂಳು ಎಂಬ ಹೆಸರು ಅದನ್ನು ಹೇಳುವುದೇ ಇಲ್ಲ. ಅದು ಏನು ಮಾಡುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಒಬ್ಬನೇ ಮನುಷ್ಯ ಒಂದು ಮನೆಯಲ್ಲಿ ಮಗ, ಇನ್ನೊಂದು ಮನೆಯಲ್ಲಿ ಅಳಿಯ ಅಲ್ವಾ? ಮಣ್ಣಿನ ಕಣದ್ದೂ ಅದೇ ಕಥೆ. ಹೊಲದಲ್ಲಿದ್ದಾಗ ಅದು ಮಣ್ಣು. ಮಳೆಗೆ ಕೊಚ್ಚಿಹೋಗಿ ನೀರನ್ನು ಕದಡಿದಾಗ ಬಗ್ಗಡ. ನೆರೆ ಇಳಿದ ಮೇಲೆ ದಡದಾಚೆ ಹರಡಿ ಉಳಿದರೆ ಮೆಕ್ಕಲು. ನಿಂತ ನೀರಿನ ತಳಕ್ಕೆ ಕೂತು, ನೀರಿರಬೇಕಾದ ಜಾಗವನ್ನು ತಿಂದರೆ ಹೂಳು. ಅದನ್ನೇ ಎತ್ತಿ ಹೊಲಕ್ಕೆ ಹರಡಿದರೆ ಕೆರೆಗೋಡು. ಒಂದು ಬೆಳೆ ಕಳೆದರೆ ಮತ್ತೆ ಬರೀ ಮಣ್ಣು.

ಹಾಗಾಗಿ ಹರಿಯುವ ನೀರಿನಲ್ಲಿ ಇರುವುದು ಇನ್ನೂ ಹೂಳಾಗದ ಮಣ್ಣು. 'ಬಗ್ಗಡ' ಎಂಬ ಚೆಂದದ ಮಾತು ಇರುವಾಗ ಅದನ್ನು ಬಿಟ್ಟು ಹೂಳು ಹರಿಸುವುದೇಕೆ? ಆದರೂ ಇದು ಸಣ್ಣ ತಪ್ಪು, ಕ್ಷಮಿಸಬಹುದು. ನಾಳೆ ಹೂಳಾಗುವುದನ್ನು ಇವತ್ತೇ ಹೂಳು ಅಂದಿದ್ದಾರೆ, ಅಷ್ಟೆ. ಪ್ಲಾಸ್ಟಿಕ್ಕನ್ನು ಹೂಳು ಅನ್ನುವುದು ಮಾತ್ರ ಸೋಮಾರಿತನ. ಅದಕ್ಕೆ ಕಸ ಎಂಬ ಎರಡಕ್ಷರದ ಪದ ಇದೆ.

ಟಿಪ್ಪಣಿಯ ತಪ್ಪು ಇವೆರಡಕ್ಕಿಂತ ದೊಡ್ಡದು. ಮಣ್ಣು ವಿಜ್ಞಾನದಲ್ಲಿ ಕಣದ ಗಾತ್ರ ನೋಡಿ ಹೆಸರಿಡುತ್ತಾರೆ. 2 ಮಿಲಿಮೀಟರ್‌ನಿಂದ ಸುಮಾರು 0.05 ಮಿಲಿಮೀಟರ್ ತನಕ ಮರಳು. 0.002 ಮಿಲಿಮೀಟರ್‌ಗಿಂತ ಸಣ್ಣದು ಜೇಡಿ. ಇವೆರಡರ ನಡುವೆ ಇನ್ನೊಂದು ಕಣ ಇದೆ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ನುಣುಪು. ಇಂಗ್ಲಿಷಿನವರು ಇದಕ್ಕೆ ಸಿಲ್ಟ್ ಅಂತಾರೆ. ಕೆರೆಯ ತಳದ್ದಕ್ಕೂ ಅವರ ಆಡುಮಾತಿನಲ್ಲಿ ಅದೇ ಪದ. ಅನುವಾದ ಮಾಡಿದವರು ಎರಡಕ್ಕೂ ಹೂಳು ಅಂದುಬಿಟ್ಟರು. ಅವರ ಗೊಂದಲ ನಮಗೆ ಬಳುವಳಿಯಾಗಿ ಬಂತು. ನಿಜವಾದ ಹೂಳಿನಲ್ಲಿ ಮರಳಿರುತ್ತದೆ, ಜೇಡಿ ಇರುತ್ತದೆ, ಕೊಳೆತ ಎಲೆ ಇರುತ್ತದೆ, ಜಲ್ಲಿಯೂ ಇರಬಹುದು. ಗಾತ್ರಕ್ಕೂ ಹೂಳಿಗೂ ಸಂಬಂಧವಿಲ್ಲ.

ಇದಕ್ಕೆ ಚೀನಾದ ಲೋಯೆಸ್ ಪ್ರಸ್ಥಭೂಮಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಲ್ಲಿಯ ಹಳದಿ ಮಣ್ಣು ಹೆಚ್ಚಾಗಿ ಈ ನಡು ಗಾತ್ರದ ಕಣಗಳದ್ದೇ. ಆದರೆ ಅದನ್ನು ತಂದು ಸುರಿದದ್ದು ಗಾಳಿ. ಕೆಲವು ಕಡೆ ನೂರು ಮೀಟರ್‌ಗೂ ದಪ್ಪ. ಜನ ಅದರ ಗೋಡೆಗಳನ್ನು ಕೊರೆದು ಮನೆ ಮಾಡಿಕೊಂಡಿದ್ದಾರೆ. ಯಾವ ನೀರಿನ ತಳವನ್ನೂ ಮುಚ್ಚದ ಆ ಗುಡ್ಡವನ್ನು ಹೂಳು ಅನ್ನುವುದು ಹೇಗೆ?

ಅದೇ ಮಣ್ಣು ಹೂಳಾಗುವುದನ್ನು ನೋಡಬೇಕಾದರೆ ಕೆಳಗೆ ಬನ್ನಿ. ಇಳಿಜಾರಿನ ಮರ ಕಡಿದು, ಹುಲ್ಲು ಮೇಯಿಸಿ, ಉತ್ತು ಬಿತ್ತಿದ್ದರಿಂದ ಮಣ್ಣಿಗೆ ಹಿಡಿತ ಹೋಯಿತು. ಮಳೆ ಅದನ್ನು ನದಿಗೆ ಇಳಿಸಿತು. ನದಿಗೆ ಹಳದಿ ನದಿ ಅಂತಲೇ ಹೆಸರಾಯಿತು. ಆ ನದಿಗೆ ಸಾನ್‌ಮೆನ್‌ಶಿಯಾ ಎಂಬಲ್ಲಿ ಅಣೆಕಟ್ಟು ಕಟ್ಟಿ 1960ರಲ್ಲಿ ನೀರು ನಿಲ್ಲಿಸಿದರು. ಒಂದೆರಡು ವರ್ಷಕ್ಕೇ ಹೂಳಿನ ಕಾಟ ಶುರುವಾಯಿತು. ಜಲಾಶಯ ತುಂಬತೊಡಗಿದ್ದಷ್ಟೇ ಅಲ್ಲ, ಮೇಲಿನಿಂದ ಬಂದು ಸೇರುವ ವೇ ನದಿಯ ತಳವೂ ಎದ್ದು, ಅಲ್ಲಿ ನೆರೆಯ ಭಯ ಹುಟ್ಟಿತು. ಕೊನೆಗೆ ಕಟ್ಟಿದ ಕಟ್ಟೆಯನ್ನೇ ಮಾರ್ಪಡಿಸಿ, ಮಣ್ಣು ಹೊರಗೆ ಹೋಗಲು ಸುರಂಗ ಕೊರೆದು, ತಳದ ಕಿಂಡಿಗಳನ್ನು ತೆರೆಯಬೇಕಾಯಿತು.

ಮೇಲಿನ ನದಿಯ ತಳ ಏಕೆ ಎದ್ದಿತು ಅನ್ನುವುದು ಇಲ್ಲಿ ಮುಖ್ಯ. ಹೂಳು ಅಂದ ಕೂಡಲೇ ಎಲ್ಲರೂ ಗೇಟಿನ ಬುಡವನ್ನು ನೆನೆಯುತ್ತಾರೆ. ನೀರಿಗೆ ಓಟ ಇರುವಷ್ಟು ಹೊತ್ತು ಅದು ಮಣ್ಣನ್ನು ಹೊರುತ್ತದೆ. ನಿಂತ ನೀರಿಗೆ ಮುಟ್ಟಿದ ಕೂಡಲೇ ಕೈಬಿಡುತ್ತದೆ. ಭಾರದ ಜಲ್ಲಿ, ಮರಳು ಜಲಾಶಯದ ಬಾಯಲ್ಲೇ ಬೀಳುತ್ತವೆ. ನುಣ್ಣನೆಯ ಕಣ ಮಾತ್ರ ತೇಲಿಕೊಂಡು ಗೇಟಿನ ತನಕ ಬರುತ್ತದೆ. ಅಂದರೆ ಕಟ್ಟೆಗೆ ಎಷ್ಟೋ ಮೈಲಿ ದೂರದಲ್ಲೇ ಹೂಳುವ ಕೆಲಸ ಶುರುವಾಗಿರುತ್ತದೆ. 'ಗೇಟ್ ತೆರೆದರೆ ಹೂಳೆಲ್ಲ ಹೋಗುತ್ತೆ' ಅನ್ನುವವರು ಇದನ್ನೊಮ್ಮೆ ಯೋಚಿಸಲಿ.

ಹೂಳನ್ನು ಬೈಯುವವರೂ ಜಾಸ್ತಿ. ಆ ಮಣ್ಣಿಗೂ ಹೋಗಬೇಕಾದ ಊರೊಂದಿತ್ತು. ನೈಲ್ ನದಿ ಪ್ರತಿ ವರ್ಷ ತನ್ನ ಮೆಕ್ಕಲನ್ನು ಹೊಲಗಳಿಗೆ ಹರಡಿ, ಉಳಿದದ್ದನ್ನು ಕಡಲಂಚಿಗೆ ಹಾಕುತ್ತಿತ್ತು. ಆಸ್ವಾನ್‌ನ ದೊಡ್ಡ ಅಣೆಕಟ್ಟು 1970ರಲ್ಲಿ ಮುಗಿಯಿತು. ಮೆಕ್ಕಲಾಗಬೇಕಾದದ್ದು ಅದರ ಹಿಂದಿನ ಜಲಾಶಯವಾದ ನಾಸರ್ ಸರೋವರದ ತಳದಲ್ಲಿ ಹೂಳಾಗಿ ಕೂತಿತು. ನದಿಯ ಬಾಯಲ್ಲಿ ಕಡಲು ಒಳಗೆ ಬಂತು, ರೊಸೆಟ್ಟಾ ಬಳಿಯ ದಡ ಸವೆಯಿತು. ಕಟ್ಟೆಯ ಕೆಳಗಿನ ತಿಳಿನೀರನ್ನು ನದಿ ತಜ್ಞರು 'ಹಸಿದ ನೀರು' ಅನ್ನುತ್ತಾರೆ. ಹೊರಲು ಮಣ್ಣಿಲ್ಲದ ನೀರು ತನ್ನ ತಳವನ್ನೂ ದಡವನ್ನೂ ಕೆರೆದು ತಿನ್ನುತ್ತದೆ. ಒಂದು ಕಡೆ ಹೂಳು ಜಾಸ್ತಿಯಾದದ್ದೂ ಇನ್ನೊಂದು ಕಡೆ ದಡ ಕಮ್ಮಿಯಾದದ್ದೂ ಒಂದೇ ಲೆಕ್ಕದ ಎರಡು ಸಾಲು.

ಲೆಕ್ಕ ತಿರುಗುಮುರುಗಾದದ್ದೂ ಉಂಟು. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಕಿತ್ತುಹಾಕಿದರು. ದಶಕಗಳಿಂದ ಕೂತಿದ್ದ ಹೂಳು ಎದ್ದು ಹೊರಟಿತು. ಕೆಲವು ಕಾಲ ನದಿಯೆಲ್ಲ ಬಗ್ಗಡ. ಆಮೇಲೆ ನದಿ ಕಡಲು ಸೇರುವಲ್ಲಿ, ಮೊದಲು ನೀರಿದ್ದ ಕಡೆ, ಹೊಸ ಮರಳದಂಡೆ ಬೆಳೆಯಿತು. ಈಗ ಅಲ್ಲಿ ಜನ ನಡೆದಾಡುತ್ತಾರೆ. ಅದನ್ನು ಯಾರೂ ಹೂಳು ಅನ್ನುವುದಿಲ್ಲ.